ಹನ್ನೆರಡನೇ ಕೋಣೆಯ ಬಾಗಿಲು

ಜೂನ್ 3

ಅಪ್ಪನವರಿಗೆ,

ನಮಸ್ಕಾರ. ನಾನು ಕ್ಷೇಮ, ನೀವೂ ಕ್ಷೇಮವೆಂದು ನಂಬಿದ್ದೇನೆ. ಎರಡು ವರ್ಷದ ಮೇಲೆ ಬರೆಯುತ್ತಿರುವ ಕಾಗದ, ಸುತ್ತಿ ಬಳಸದೆ ನೇರವಾಗಿ ಕೆಲಸದ ಮಾತಿಗೆ ಬರುತ್ತೇನೆ.

ನಾನು ಸೇರಿಕೊಂಡಿರುವುದು ಮನೆಯಲ್ಲಿ ಇಟ್ಟುಕೊಳ್ಳುವಂಥ ಪುಟ್ಟ ಕಂಪ್ಯೂಟರ್ ಮಾರುವ ಅಂಗಡಿ. ಗುಂಡಿಗಳಿರುವ ಒಂದು ಪೆಟ್ಟಿಗೆ, ಅದನ್ನು ಟಿ.ವಿ.ಗೆ ಸಿಕ್ಕಿಸಿದರೆ ಆಯಿತು. ಅದಕ್ಕೆಂದು ನಾನೊಂದು ಆಟ ಬರೆಯುತ್ತಿದ್ದೇನೆ. ಹೆಸರು 'ಹನ್ನೆರಡು ಕೋಣೆ'. ಅದರಲ್ಲಿ ಚಿತ್ರವಿಲ್ಲ, ಬರೀ ಮಾತು. 'ನೀವು ಒಂದು ಹಜಾರದಲ್ಲಿದ್ದೀರಿ, ಎದುರಿಗೆ ಬಾಗಿಲಿದೆ' ಎಂದು ಟಿ.ವಿ.ಯ ಮೇಲೆ ಬರುತ್ತದೆ. ಏನು ಮಾಡಬೇಕೆಂದು ಆಡುವವರು ಎರಡೇ ಪದದಲ್ಲಿ ಒತ್ತಬೇಕು. 'ದೀಪ ಹಚ್ಚು', 'ಮುಂದೆ ನಡೆ', ಹೀಗೆ. ಯಂತ್ರ ಹಾಗೇ ಮಾಡಿ, ಮುಂದೇನಾಯಿತೆಂದು ಹೇಳುತ್ತದೆ. ಹನ್ನೆರಡನೇ ಕೋಣೆಯೊಳಕ್ಕೆ ಹೋದರೆ ಗೆದ್ದ ಹಾಗೆ. ಸೆಪ್ಟೆಂಬರ್ ಕೊನೆಯೊಳಗೆ ಮುಗಿಸಿಕೊಟ್ಟರೆ ನೂರು ಕ್ಯಾಸೆಟ್ ಮಾಡಿಸಿ, ಮೇಲೆ ನನ್ನ ಹೆಸರನ್ನೂ ಅಚ್ಚು ಹಾಕಿಸುತ್ತೇನೆಂದು ನಮ್ಮ ಅಂಗಡಿಯ ಯಜಮಾನಿ ಹೇಳಿದ್ದಾರೆ.

ಆ ಕೊನೆಯ ಕೋಣೆ ಒಬ್ಬ ಬಡಗಿಯ ಶೆಡ್ಡು. ನಮ್ಮದರ ಹಾಗೆಯೇ. ಅದಕ್ಕೇ ಎರಡು ಪ್ರಶ್ನೆ. ನಮ್ಮ ಶೆಡ್ಡಿನ ಬಾಗಿಲು ಒಳಕ್ಕೆ ತೆರೆಯುವುದೋ, ಹೊರಕ್ಕೋ? ಮೆಟ್ಟಿಲು ಮೂರೋ, ನಾಲ್ಕೋ? ಹತ್ತಿ ಇಳಿದು ಬೆಳೆದವಳಿಗೆ ಇಷ್ಟು ಬೇಗ ಮರೆತು ಹೋಯಿತೇ ಎಂದು ಕೇಳಬೇಡಿ. ಮರೆತಿಲ್ಲವೆಂದು ಖಾತ್ರಿ ಮಾಡಿಕೊಳ್ಳಲು ಬರೆಯುತ್ತಿದ್ದೇನೆ.

ಉತ್ತರ ಬರೆಯಲೇಬೇಕೆಂಬ ಒತ್ತಾಯವಿಲ್ಲ.

ಇಂತಿ,
ನಿಮ್ಮ ಮಗಳು

*

ಜೂನ್ 19

ಒಳಕ್ಕೆ. ಮೂರು.

ಆದರೆ ಈಗ ಬಾಗಿಲು ಪೂರ್ತಿ ತೆಗೆಯಲು ಬರುವುದಿಲ್ಲ. ಮೇಲಿನ ಕೀಲು ಸಡಿಲವಾಗಿ, ಬಾಗಿಲು ಜೋತುಬಿದ್ದು, ಅಡಿ ನೆಲಕ್ಕೆ ಉಜ್ಜುತ್ತದೆ. ಎರಡು ವರ್ಷವಾಯಿತು. ಬಂದವರೆಲ್ಲ ಹೊಟ್ಟೆ ಒಳಗೆಳೆದುಕೊಂಡು ಓರೆಯಾಗಿ ನುಗ್ಗುತ್ತಾರೆ. ಬಡಗಿಯ ಬಾಗಿಲೇ ಹೀಗೆ ಎಂದು ಬೀದಿಯೆಲ್ಲ ನಗುತ್ತದೆ. ನಗಲಿ.

ಎದುರಿನ ಕಟಿಂಗ್ ಶಾಪಿನ ನಮ್ಮ ಕತ್ತರಿಯೂ ನಿನ್ನ ಪೈಕಿಯ ಪೆಟ್ಟಿಗೆಯೊಂದನ್ನು ತಂದಿಟ್ಟಿದ್ದಾನೆ. ಕೆಳಗಿನ ಬೀದಿಯ ಕಟಿಂಗ್ ಶಾಪಿಗೆ ಮೀನಿನ ತೊಟ್ಟಿ ಬಂತಂತೆ, ಅದಕ್ಕೆ ಪೈಪೋಟಿ. ಅದರಲ್ಲಿ ಏನು ಮಾಡಬೇಕೆಂದು ಅವನಿಗೂ ಗೊತ್ತಿಲ್ಲ. ಸದ್ಯಕ್ಕೆ ಅದರ ಮೇಲೆ ಟವೆಲ್ ಒಣಗಿಸುತ್ತಾನೆ.

'ಅಪ್ಪನವರು' ಎಂಬ ಹೆಸರಿನವರು ಈ ವಿಳಾಸದಲ್ಲಿ ಯಾರೂ ಇಲ್ಲ.

ಇಂತಿ,
ಬಡಗಿ

*

ಜೂನ್ 27

ಶ್ರೀಮಾನ್ ಬಡಗಿಯವರ ಸನ್ನಿಧಿಗೆ,

ನಿಮ್ಮ ಕಾರ್ಡು ಸೇರಿತು. ಅದನ್ನು ನಾಲ್ಕು ಸಲ ಓದಿದೆನೆಂದು ಹೇಳಿದರೆ ನಿಮಗೆ ಜಂಬ ಬಂದೀತು, ಅದಕ್ಕೆ ಎರಡು ಸಲ ಎಂದು ಬರೆಯುತ್ತೇನೆ.

ಕತ್ತರಿ ಮಾಮನಿಗೆ ಟವೆಲ್ ಎತ್ತಲು ಹೇಳಿ. ಈ ಪಾರ್ಸೆಲ್ಲಿನಲ್ಲಿ ನನ್ನ ಆಟದ ಕ್ಯಾಸೆಟ್ ಇದೆ. ಟೇಪ್ ರೆಕಾರ್ಡರ್‌ಗೆ ಹಾಕಿ, ತಂತಿಯನ್ನು ಪೆಟ್ಟಿಗೆಗೆ ಸಿಕ್ಕಿಸಿದರೆ ಐದು ನಿಮಿಷ ಕೀ ಎಂದು ಕಿರುಚುತ್ತದೆ. ಹೆದರಬೇಡಿ, ಅದು ಓದಿಕೊಳ್ಳುವ ರೀತಿಯೇ ಹಾಗೆ. ನಮ್ಮ ಅಕ್ಷರಗಳನ್ನು ನಾನೇ ಚೌಕದ ಹಾಳೆಯ ಮೇಲೆ ಒಂದೊಂದಾಗಿ ಬಿಡಿಸಿ ಯಂತ್ರಕ್ಕೆ ಕೂರಿಸಿದ್ದೇನೆ. ಅಕ್ಷರಕ್ಕೆ ಎಂಟು ಚೌಕ ಅಗಲ, ಎಂಟು ಚೌಕ ಎತ್ತರ, ಅಷ್ಟೇ ಜಾಗ. 'ಕ್ಷ' ಸ್ವಲ್ಪ ಜಿರಳೆಯ ಹಾಗೆ ಕಾಣುತ್ತದೆ, ಹೊಟ್ಟೆಗೆ ಹಾಕಿಕೊಳ್ಳಿ. ಯಾವ ಗುಂಡಿಗೆ ಯಾವ ಅಕ್ಷರವೆಂದು ಚೀಟಿ ಬರೆದಿಟ್ಟಿದ್ದೇನೆ, ಅಂಟಿಸಿಕೊಳ್ಳಿ.

ಇಲ್ಲಿ ಆಡಿ ನೋಡಿದವರೆಲ್ಲ ಕಂಪ್ಯೂಟರ್ ಬಲ್ಲವರು, ಅದಕ್ಕೆ ಒಗ್ಗುವ ಹಾಗೆಯೇ ಮಾತಾಡುತ್ತಾರೆ. ನನಗೆ ಬೇಕಾಗಿರುವುದು ಬಾಯಿಗೆ ಬಂದದ್ದನ್ನು ಬಂದ ಹಾಗೆ ಹೇಳುವವರು. ತಕ್ಷಣ ಒಬ್ಬರ ನೆನಪಾಯಿತು.

ಯಂತ್ರ ಬಹಳ ವಿಧೇಯ. ಹೇಳಿದ್ದನ್ನಷ್ಟೇ ಮಾಡುತ್ತದೆ, ಎದುರುತ್ತರ ಕೊಡುವುದಿಲ್ಲ, ಕೆಲಸ ಬಿಟ್ಟು ಬೇರೆ ಊರಿಗೆ ಹೋಗುವುದಿಲ್ಲ. ನಿಮಗೆ ಇಷ್ಟವಾದೀತು.

ಇಂತಿ,
ಮಗಳು

*

ಜುಲೈ 14

ಏ ಚಕ್ಕೆ,

ಯಾವಾಗಿನಿಂದ ನಾನು 'ನೀವು' ಆದೆ? ನಿನ್ನ ಕಾಗದ ಓದುವಾಗ ಹಿಂದೆ ಯಾರೋ ದೊಡ್ಡ ಮನುಷ್ಯರು ಬಂದು ನಿಂತಿದ್ದಾರೇನೋ ಎಂದು ಎರಡು ಸಲ ತಿರುಗಿ ನೋಡಿದೆ.

ಕ್ಯಾಸೆಟ್ ಹಾಕಿದೆವು. ಅದು ಕಿರುಚಿದ ಕಿರುಚಿಗೆ, ಗಡ್ಡಕ್ಕೆ ನೊರೆ ಬಳಿಸಿಕೊಂಡು ಕೂತಿದ್ದ ಪೋಸ್ಟ್‌ಮ್ಯಾನ್ ಕುರ್ಚಿಯಿಂದ ಜಿಗಿದು ಬೀದಿಗೆ ಓಡಿದ. ನೊರೆ ಒಣಗುವವರೆಗೂ ಒಳಗೆ ಬರಲಿಲ್ಲ. ಆಮೇಲೆ ಬಂದವನು, ನಿಜ ಹೇಳಬೇಕೆಂದರೆ, ಇನ್ನೂ ಎದ್ದು ಹೋಗಿಲ್ಲ. ದಿನಾ ಬರುತ್ತಾನೆ. ಈ ಬೀದಿಯ ಟಪಾಲು ಈಗ ಸಂಜೆ ನಾಲ್ಕಕ್ಕೆ.

ಮೊದಲ ಕೋಣೆ. 'ಎದುರಿಗೆ ಬಾಗಿಲಿದೆ' ಎಂದಿತು. ಬಾಗಿಲಿನ ವಿಷಯದಲ್ಲಿ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಒಂದೊಂದೇ ಅಕ್ಷರ ಹುಡುಕಿ 'ಬಾಗಿಲು ತೆಗೆ' ಎಂದು ಒತ್ತಿದೆ. ಏನೆಂದಿತು ಗೊತ್ತೇ? 'ಬಾಗಿಲನ್ನು ತೆಗೆದುಕೊಂಡಿರಿ. ಈಗ ನಿಮ್ಮ ಬಳಿ ಇರುವುದು: ದೀಪ, ಹಗ್ಗ, ಬಾಗಿಲು.'

ಕತ್ತರಿ ಬಿದ್ದು ಬಿದ್ದು ನಕ್ಕ. "ನೋಡಯ್ಯಾ, ನೀನು ಬಡಗಿ ಅಂತ ಪೆಟ್ಟಿಗೆಗೂ ಗೊತ್ತಾಗೋಯ್ತು! ಬಾಗಿಲು ಕಂಡ್ರೆ ಸಾಕು, ಕಿತ್ಕೊಂಡು ಹೊತ್ಕೊಂಡು ಹೋಗ್ತಾನೆ ಅಂತ!" ಎಂದ.

ನನಗೇನೂ ತಪ್ಪು ಕಾಣಲಿಲ್ಲ. ಬಾಗಿಲು ಬಿಗಿಯಾಗಿದ್ದರೆ ಗುದ್ದುವವನು ಬಡಗಿಯಲ್ಲ. ಕೀಲು ಬಿಚ್ಚಬೇಕು, ಬಾಗಿಲು ತೆಗೆಯಬೇಕು, ಮಲಗಿಸಿ ಹತ್ತರಿ ಹೊಡೆದು ಅಂಚು ನಯ ಮಾಡಬೇಕು. ಆದ್ದರಿಂದ ಹೊತ್ತುಕೊಂಡೇ ಮುಂದೆ ನಡೆದೆ. ಎರಡನೇ ಕೋಣೆಯದನ್ನೂ ತೆಗೆದೆ, ಮೂರನೆಯದನ್ನೂ ತೆಗೆದೆ. ನಾಲ್ಕನೇ ಕೋಣೆಯಲ್ಲಿ ಕತ್ತಲೆ. 'ದೀಪ ಹಾಕು' ಎಂದೆ. 'ದೀಪವನ್ನು ಕೆಳಗೆ ಹಾಕಿದಿರಿ. ಗಾಜು ಒಡೆಯಿತು' ಎಂದಿತು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜಾತಿ ಕಣೇ ನಿನ್ನ ಯಂತ್ರ! ಮತ್ತೆ ಮೊದಲಿಂದ ಶುರು ಮಾಡಿ, 'ದೀಪ ಹಚ್ಚು' ಎಂದು ಹೇಳಿ, ಕೈಮುಗಿದು ಅಲ್ಲಿಂದ ಪಾರಾದೆ.

ಆರನೆಯದರಲ್ಲಿ ಕಾಲುವೆ ಬಂತು. 'ನಾಲ್ಕು ಅಡಿ ಅಗಲ' ಎಂದು ನೀನೇ ಬರೆದಿದ್ದೀಯ. ನನ್ನ ಬಳಿ ಐದು ಬಾಗಿಲಿದ್ದವು. ಒಂದನ್ನು ಅಡ್ಡ ಹಾಕಿ 'ಕಾಲುವೆ ದಾಟು' ಎಂದೆ. 'ದಾಟಲು ಏನಾದರೂ ಬೇಕು' ಎನ್ನುತ್ತದೆ! ನಾಲ್ಕಡಿ ಕಾಲುವೆಗೆ ಆರೂವರೆ ಅಡಿ ಬಾಗಿಲು ಸಾಲದೇ? ಪೋಸ್ಟ್‌ಮ್ಯಾನ್ ಮೇಜು ಗುದ್ದಿ, "ಇದು ಅನ್ಯಾಯ, ಕಾಗದ ಬರೀರಿ, ನಾನೇ ಕೈಯಾರೆ ಡಬ್ಬಿಗೆ ಹಾಕ್ತೀನಿ" ಎಂದ. ಅದಕ್ಕೇ ಬರೆಯುತ್ತಿದ್ದೇನೆ.

ಇಂತಿ,
ನಿನ್ನ ಅಪ್ಪ (ನವರು ಅಲ್ಲ)

*

ಜುಲೈ 22

ಅಪ್ಪ,

ನಿನ್ನ ಕಾಗದವನ್ನು ಅಂಗಡಿಯಲ್ಲಿ ಓದಿದ್ದು ತಪ್ಪಾಯಿತು. ನಗು ತಡೆಯಲಾರದೆ ಗಿರಾಕಿಯೊಬ್ಬರಿಗೆ ಚಿಲ್ಲರೆಯ ಬದಲು ಸ್ಕ್ರೂಡ್ರೈವರ್ ಕೊಟ್ಟೆ. ನಕ್ಕಿದ್ದು ಬಾಗಿಲಿಗೆ. ಆದರೆ ಮೊದಲ ಸಾಲಿಗೆ ಕಣ್ಣಲ್ಲಿ ನೀರು ಬಂತು. ತೊಟ್ಟಿಲ ಬದಲು ಮರದ ಚಕ್ಕೆಯ ಬುಟ್ಟಿಯಲ್ಲಿ ಮಲಗಿಸಿ ನೀನಿಟ್ಟ ಹೆಸರು. ಇಲ್ಲಿ ಯಾರಿಗೂ ಅದು ಗೊತ್ತಿಲ್ಲ.

ತಪ್ಪು ಎಲ್ಲಿ ಆಯಿತೆಂದು ಕೇಳು. ಬಾಗಿಲಿಗೆ ನಾನು ಯಂತ್ರಕ್ಕೆ ಕಲಿಸಿದ್ದು 'ತೆರೆ' ಎಂಬ ಪದ. ಪುಸ್ತಕದಲ್ಲಿ ಹಾಗಿರುತ್ತದಲ್ಲ. 'ತೆಗೆ' ಎಂದರೆ 'ಎತ್ತಿಕೋ' ಎಂದು ಕಲಿಸಿದೆ. ನಿನ್ನ ಶೆಡ್ಡಿನಲ್ಲಿ ಬೆಳೆದವಳು ನಾನು. "ಆ ಉಳಿ ತೆಗಿ, ಮೊಳೆ ತೆಗಿ, ಆ ಹಲಗೆ ತೆಗಿ" ಎಂದು ಕೇಳೀ ಕೇಳೀ ನನ್ನ ಕಿವಿಗೆ ಅದರ ಅರ್ಥ ಅದೊಂದೇ. ಮನುಷ್ಯರಾರೂ ಬಾಗಿಲನ್ನು 'ತೆರೆ' ಎನ್ನುವುದಿಲ್ಲ, 'ತೆಗಿ' ಎನ್ನುತ್ತಾರೆ ಎಂಬುದು ತಲೆಗೇ ಹೊಳೆಯಲಿಲ್ಲ. 'ಹಾಕು' ಅದಕ್ಕಿಂತ ಕಷ್ಟ. ದೀಪ ಹಾಕು, ಬೀಗ ಹಾಕು, ಅಂಗಿ ಹಾಕು, ಬಾಗಿಲು ಹಾಕು. ಯಾರಾದರೂ 'ಟೋಪಿ ಹಾಕು' ಎಂದರೆ ಯಂತ್ರ ತಲೆಗೆ ಹಾಕಬೇಕೋ, ಊರಿಗೆ ಹಾಕಬೇಕೋ, ಪಾಪ!

ಯಜಮಾನಿಗೆ ತೋರಿಸಿದೆ. "ಮೊದಲು ಇದನ್ನ ಸರಿ ಮಾಡಮ್ಮ, ಜನ ನಗ್ತಾರೆ" ಎಂದರು. "ನಗಲಿ ಮೇಡಂ" ಎಂದೆ. ಬಾಗಿಲು ಹೊರುವುದನ್ನು ಹಾಗೇ ಇಟ್ಟಿದ್ದೇನೆ. ಇನ್ನು ಕಾಲುವೆಗೆ ಬಾಗಿಲು ಅಡ್ಡ ಹಾಕಿದರೆ ದಾಟಬಹುದು, ಆದರೆ ಬೇರೆಲ್ಲ ಬಾಗಿಲನ್ನು ಇಳಿಸಿ ಬರಬೇಕು. ಐದು ಬಾಗಿಲು ಹೊತ್ತು ಹಲಗೆಯ ಮೇಲೆ ನಡೆಯಲು ನೀನೇನು ಆನೆಯೇ? ಹೊಸ ಕ್ಯಾಸೆಟ್ ಕಳಿಸಿದ್ದೇನೆ. ಪೋಸ್ಟ್‌ಮ್ಯಾನ್ ಅವರಿಗೆ ನನ್ನ ನಮಸ್ಕಾರ.

ಒಂದು ಮಾತು. ಹನ್ನೆರಡನೇ ಬಾಗಿಲ ಹತ್ತಿರ ಬಂದಾಗ ಅಂಗಡಿಯಲ್ಲಿ ಜನ ಕಡಿಮೆಯಿದ್ದರೆ ಒಳ್ಳೆಯದು.

ಇಂತಿ,
ಚಕ್ಕೆ

*

ಆಗಸ್ಟ್ 30

ಅಪ್ಪ,

ಐದು ವಾರವಾಯಿತು. ಮೈ ಹುಷಾರಿಲ್ಲವೇ ಎಂದು ಕತ್ತರಿ ಮಾಮನಿಗೆ ಫೋನ್ ಮಾಡಿದೆ. "ಹುಷಾರಿಲ್ದೆ ಏನಮ್ಮ? ಕಲ್ಲುಗುಂಡಿನ ಹಾಗಿದಾನೆ. ಆದ್ರೆ ಇತ್ಲಾ ಕಡೆ ಬರ್ತಾ ಇಲ್ಲ" ಎಂದರು.

ಹಾಗಾದರೆ ನೀನು ಕೊನೆಯ ಬಾಗಿಲಿಗೆ ಬಂದೆ. ಅಲ್ಲಿ ಬರೆದದ್ದನ್ನು ಓದಿದೆ.

ಬೇಜಾರಾಯಿತೇ? ಅಳಿಸಿಬಿಡಲೇ? ಅಳಿಸುವುದು ಯಂತ್ರಕ್ಕೆ ಒಂದು ನಿಮಿಷದ ಕೆಲಸ. ಈ ಆಟ ಮುಗಿಸುವ ನೆಪದಲ್ಲಾದರೂ ನಮ್ಮಿಬ್ಬರದು ಮುಗಿದೀತು, ಮನೆಗೆ ಬಾ ಎಂದು ನೀನು ಒಂದು ಸಲ ಬರೆದೀಯ ಎಂದುಕೊಂಡಿದ್ದೆ. ನಾಚಿಕೆ ಬಿಟ್ಟು ಹೇಳುತ್ತಿದ್ದೇನೆ, ನನಗೆ ಬೇಕಾಗಿದ್ದದ್ದು ಅದೊಂದೇ. ಮೆಟ್ಟಿಲು ಎಷ್ಟೆಂದು ನನಗೆ ಗೊತ್ತಿತ್ತು.

ಇಂತಿ,
ಚಕ್ಕೆ

*

ಸೆಪ್ಟೆಂಬರ್ 6

ಚಕ್ಕೆ,

ಐದು ವಾರದಲ್ಲಿ ಏಳು ಕಾಗದ ಬರೆದು ಹರಿದೆ. ಅಷ್ಟು ಹೊತ್ತಿನಲ್ಲಿ ಎರಡು ಬೀರು ಮಾಡಿ ಮುಗಿಸುತ್ತಿದ್ದೆ. ಮರವಾದರೆ ಹೆಚ್ಚು ಕಡಿಮೆಯಾದರೆ ಕೆತ್ತಿ ಸರಿ ಮಾಡಬಹುದು, ಈ ಮಾತಿಗೆ ಯಾವ ಉಳಿ ಹಿಡಿಯುವುದೋ ನನಗೆ ಗೊತ್ತಿಲ್ಲ.

ಜುಲೈ ಮೂವತ್ತಕ್ಕೇ ಹನ್ನೆರಡನೇ ಬಾಗಿಲಿಗೆ ಬಂದಿದ್ದೆ. ಮೂರು ಮೆಟ್ಟಿಲು ಹತ್ತಿ 'ಬಾಗಿಲು ತೆಗೆ' ಎಂದೆ. ಬಂದ ಉತ್ತರ: 'ಆಗುವುದಿಲ್ಲ. ಬಾಗಿಲು ಹಾಕ್ಕೊಂಡು ಹೋಗು ಎಂದು ಹೇಳಿದ್ದಾರೆ.'

ಪೋಸ್ಟ್‌ಮ್ಯಾನ್ "ಯಾರು ಹೇಳಿದ್ದು? ಯಾರಂತೆ?" ಎಂದು ಕೇಳಿದ. ನಾನು ಎದ್ದು ಬಂದುಬಿಟ್ಟೆ.

ಊರು ಬಿಟ್ಟು ಹೊರಟ ದಿನ ನೀನು ಬಟ್ಟೆಯ ಪೆಟ್ಟಿಗೆ ಹಿಡಿದು ಶೆಡ್ಡಿನ ಹೊಸ್ತಿಲಲ್ಲಿ ನಿಂತಿದ್ದೆ. ನನಗೆ ಕೋಪ ಬಂದಿತ್ತು, ಸುಳ್ಳೇಕೆ ಹೇಳಲಿ? ಇಷ್ಟು ಚೆನ್ನಾಗಿ ಉಳಿ ಹಿಡಿಯುವ ಕೈ ಗುಂಡಿ ಒತ್ತಲು ಹೊರಟಿತಲ್ಲ ಎಂದು ಹೊಟ್ಟೆ ಉರಿಯುತ್ತಿತ್ತು. "ಹೋಗೋದಾದ್ರೆ ಹೋಗು" ಎಂದೆ. ಅದು ಕೋಪದ್ದೇ, ಒಪ್ಪುತ್ತೇನೆ. ಆದರೆ ಅದರ ಹಿಂದೆಯೇ "ಬಾಗಿಲು ಹಾಕ್ಕೊಂಡು ಹೋಗು" ಎಂದೆನಲ್ಲ, ಅಯ್ಯೋ ಹುಚ್ಚಿ, ಅದು ವಾರ್ನಿಶ್ ಮಾತು ಕಣೇ! ಶಾಲೆಯ ಬೀರುವಿಗೆ ಮೂರನೇ ಕೋಟ್ ಹೊಡೆದು ಅರ್ಧ ಗಂಟೆ ಆಗಿರಲಿಲ್ಲ. ಬೀದಿಯಲ್ಲಿ ಲಾರಿ ಹೋಗುತ್ತಿತ್ತು, ಧೂಳು ಬಂದು ಕೂತರೆ ಮೂರು ದಿನದ ಕೆಲಸ ಹಾಳು. ವಾರ್ನಿಶ್ ಹಸಿ ಇದ್ದಾಗಲೆಲ್ಲ ಹೊರಗೆ ಕಾಲಿಟ್ಟವರಿಗೆಲ್ಲ ನಾನು ಹೇಳುವುದು ಅದೇ ತಾನೆ? ನಿನಗೆ ಹೇಳಿಲ್ಲವೇ? ಕತ್ತರಿಗೆ ಹೇಳಿಲ್ಲವೇ? ಬೆಕ್ಕಿಗೂ ಹೇಳಿದ್ದೇನೆ!

ನೀನು ದಡಾರೆಂದು ಹಾಕಿಕೊಂಡು ಹೋದೆ. ಆ ಏಟಿಗೆ ಮಾಡಿನ ತೊಲೆಯ ಮೇಲಿದ್ದ ಧೂಳೆಲ್ಲ ಉದುರಿ ಬೀರುವಿನ ಮೇಲೆ ಕೂತಿತು, ನಾಲ್ಕನೇ ಕೋಟ್ ಹೊಡೆಯಬೇಕಾಯಿತು. ಮೇಲಿನ ಕೀಲು ಸಡಿಲವಾಗಿದ್ದೂ ಆವತ್ತೇ. 'ಇನ್ನು ಈ ಮನೆಗೆ ಕಾಲಿಡಲ್ಲ' ಎಂದು ಬಾಯಲ್ಲಿ ಹೇಳದೆ ಬಾಗಿಲಲ್ಲಿ ಹೇಳಿ ಹೋದಳು ಎಂದುಕೊಂಡೆ. ಹಾಗಂದುಕೊಂಡೇ ಎರಡು ವರ್ಷ ಆ ಕೀಲನ್ನು ಮುಟ್ಟಲಿಲ್ಲ. ನಿನ್ನಮ್ಮ ಬದುಕಿದ್ದಿದ್ದರೆ ಇಬ್ಬರ ಕಿವಿಯನ್ನೂ ಹಿಂಡಿ ಎರಡೇ ದಿನದಲ್ಲಿ ಮುಗಿಸುತ್ತಿದ್ದಳು.

ನಿನ್ನೆ ಕತ್ತರಿಗೆ ಎಲ್ಲ ಹೇಳಿದೆ. ಅವನು ಕತ್ತರಿ ಕೆಳಗಿಟ್ಟು, "ಊಟ ಬಲ್ಲವನಿಗೆ ರೋಗ ಇಲ್ಲ, ಮಾತು ಬಲ್ಲವನಿಗೆ ಜಗಳ ಇಲ್ಲ ಅಂತಾರೆ. ನಿಮ್ಮ ಮನೇಲಿ ಬರೀ ಊಟ ಬಲ್ಲೋರೇ ಹುಟ್ಟಿದೀರಿ" ಎಂದ.

ಆಮೇಲೆ ಅವನ ಪೆಟ್ಟಿಗೆಯ ಮುಂದೆ ಮತ್ತೆ ಕೂತೆ. 'ಬಾಗಿಲು ತಟ್ಟು' ಎಂದೆ, 'ಬಾಗಿಲು ತಳ್ಳು' ಎಂದೆ, 'ಕೀಲು ಬಿಚ್ಚು' ಎಂದೆ. ಜಪ್ಪಯ್ಯ ಎಂದರೂ ಬಿಡಲಿಲ್ಲ. ಕೊನೆಗೆ, ಪೋಸ್ಟ್‌ಮ್ಯಾನ್ ಆಚೆ ಕಡೆ ನೋಡುತ್ತಿದ್ದಾಗ, 'ತಪ್ಪಾಯ್ತು ಮಗಳೇ' ಎಂದು ಒತ್ತಿದೆ. 'ಈ ಮಾತು ನನಗೆ ತಿಳಿಯುವುದಿಲ್ಲ' ಎಂದಿತು. ಅದಕ್ಕೆ ತಿಳಿಯದಿದ್ದರೆ ಬೇಡ, ನಿನಗೆ ತಿಳಿದರೆ ಸಾಕು.

ನಲವತ್ತು ವರ್ಷದಿಂದ ಬಾಗಿಲು ಮಾಡುತ್ತಿರುವವನು ಕೇಳುತ್ತಿದ್ದೇನೆ, ನಿಜ ಹೇಳು. ಆ ಬಾಗಿಲನ್ನು ತೆಗೆಯುವ ಮಾತನ್ನು ನೀನು ಬರೆದೇ ಇಲ್ಲ ಅಲ್ಲವೇ?

ಇಂತಿ,
ಅಪ್ಪ

*

ಸೆಪ್ಟೆಂಬರ್ 12

ಅಪ್ಪ,

ವಾರ್ನಿಶ್ಶೇ!

ಎರಡು ವರ್ಷ ನಾನು ಅತ್ತಿದ್ದು ಒಂದು ಶಾಲೆಯ ಬೀರುವಿಗಾಗಿಯೇ? ಕಾಗದ ಹಿಡಿದು ಅಂಗಡಿಯ ನಡುವೆ ನಿಂತು "ವಾರ್ನಿಶ್ ಮೇಡಂ, ವಾರ್ನಿಶ್!" ಎಂದು ಕೂಗಿದೆ. ಯಜಮಾನಿ ಯಾವುದೋ ಹೊಸ ಮೇಜಿಗೆ ಕೈ ತಾಗಿಸಿಬಿಟ್ಟೆನೇನೋ ಎಂದು ಹೌಹಾರಿ ಎರಡೂ ಕೈ ಮೇಲೆತ್ತಿ ನಿಂತರು. ಆಮೇಲೆ ನಾನು ಅಳುವುದನ್ನು ನೋಡಿ ನೀರು ತಂದುಕೊಟ್ಟರು.

ಹುಟ್ಟಿದಾಗಿನಿಂದ ಕೇಳಿದ ಮಾತು ಅದು. ಆದರೆ ಆವತ್ತು ಅದರ ಮುಂದೆ 'ಹೋಗೋದಾದ್ರೆ ಹೋಗು' ಇತ್ತಲ್ಲ, ಹಾಗಾಗಿ ಮೊದಲ ಸಲ ಕೇಳಿದ ಹಾಗೆ ಕೇಳಿತು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟುವ ಜಾತಿ ನನ್ನ ಯಂತ್ರ ಮಾತ್ರವಲ್ಲ, ನಾನೂ ಹೌದು. ದಡಾರೆಂದು ಹಾಕಿದ್ದು ಮಾತ್ರ ಬೇಕೆಂದೇ ಹಾಕಿದ್ದು. ತಪ್ಪಾಯಿತು.

ನೀನು ಊಹಿಸಿದ್ದು ಸರಿ. ಆ ಬಾಗಿಲಿಗೆ ಮಾತೇ ಇಟ್ಟಿಲ್ಲ. ಏನು ಮಾಡಲಿ? ತೆಗೆದರೆ ಒಳಗೆ ಏನು ಕಾಣಬೇಕೆಂದು ಬರೆಯಬೇಕಲ್ಲ. ಹನ್ನೊಂದು ಕೋಣೆಗೆ ಇಲ್ಲದ್ದನ್ನೆಲ್ಲ ಕಟ್ಟಿ ಬರೆದೆ, ಕಾಲುವೆ, ಗಡಿಯಾರದ ಗೋಪುರ, ಮಾತಾಡುವ ಗೂಬೆ. ಆದರೆ ನಿನ್ನ ಶೆಡ್ಡಿಗೆ ಸುಳ್ಳು ಬರೆಯಲು ಕೈ ಬರಲಿಲ್ಲ. ಈಗ ಅಲ್ಲಿ ಏನಿದೆಯೆಂದು ನನಗೆ ಗೊತ್ತಿಲ್ಲ.

ಇವತ್ತು ಯಂತ್ರಕ್ಕೆ ಒಂದು ಹೊಸ ಮಾತು ಕಲಿಸಿದೆ. ಇನ್ನು ಯಾರಾದರೂ 'ತಪ್ಪಾಯ್ತು ಮಗಳೇ' ಎಂದು ಒತ್ತಿದರೆ 'ನಂದೂ ಅಪ್ಪ' ಎನ್ನುತ್ತದೆ. ಕೊಂಡುಕೊಳ್ಳುವ ನೂರು ಜನರಲ್ಲಿ ಯಾರಿಗೂ ಅದು ಸಿಗಲಾರದು. ಸಿಗುವುದೂ ಬೇಡ.

ಮೂವತ್ತನೇ ತಾರೀಕಿಗೆ ಕ್ಯಾಸೆಟ್ ಕೊಡಬೇಕು. ಬೇಗ ಬರೆದು ತಿಳಿಸು: ಬಾಗಿಲು ತೆಗೆದರೆ ಒಳಗೆ ಏನಿದೆ?

ಇಂತಿ,
ನಿನ್ನ ಚಕ್ಕೆ

*

ಸೆಪ್ಟೆಂಬರ್ 20

ಚಕ್ಕೆ,

ಒಳಗೆ ಏನಿದೆ ಎಂದು ಹೇಳುವುದಿಲ್ಲ ಹೋಗು.

ಹೇಳಿದರೆ ನೀನು ಅಲ್ಲೇ ಕೂತು ಬರೆದುಕೊಂಡು, ನೂರು ಕ್ಯಾಸೆಟ್ ಮಾಡಿ, 'ಆಯ್ತು ಅಪ್ಪ, ನಮಸ್ಕಾರ' ಎಂದು ಒಂದು ಕಾರ್ಡು ಹಾಕಿಬಿಡುತ್ತೀಯ. ನಿನ್ನ ಉಳಿಗಳು ಗೋಡೆಯ ಮೇಲೆ ಇದ್ದಲ್ಲೇ ಇವೆಯೇ, ತುಕ್ಕು ಹಿಡಿದಿವೆಯೇ, ಎಣ್ಣೆ ಹಚ್ಚಿಟ್ಟಿದ್ದೇನೆಯೇ, ಅದನ್ನೆಲ್ಲ ಕಾಗದದಲ್ಲಿ ಬರೆಯುವವನಲ್ಲ ನಾನು. ಕಣ್ಣಿದೆ, ಬಂದು ನೋಡು. ಕತ್ತರಿಯ ಪೆಟ್ಟಿಗೆ ಇಲ್ಲೇ ಇದೆ, ಕೊನೆಯ ಕೋಣೆಯನ್ನು ಇಲ್ಲೇ ಕೂತು ಬರೆ. ಪೋಸ್ಟ್‌ಮ್ಯಾನ್ ಆಗಲೇ ಕುರ್ಚಿ ಹಿಡಿದಿಟ್ಟಿದ್ದಾನೆ.

ಮುಖ್ಯ ಸಮಾಚಾರ. ನಿನ್ನ ಕಾಗದ ಓದಿದ ದಿನವೇ ಕೀಲಿನ ಸ್ಕ್ರೂ ಬಿಚ್ಚಿ ಶೆಡ್ಡಿನ ಬಾಗಿಲು ತೆಗೆದೆ. ನಿನ್ನ ಯಂತ್ರ ಹೇಳುತ್ತದಲ್ಲ, ಆ ತೆಗೆಯುವುದು. ಬೆಂಚಿನ ಮೇಲೆ ಮಲಗಿಸಿ ಅಡಿಯ ಅಂಚಿಗೆ ಹತ್ತರಿ ಹೊಡೆದು ನಯ ಮಾಡಿದೆ. ಹೊಸ ಕೀಲು ತಂದೆ. ಎಲ್ಲ ಸಿದ್ಧ. ಆದರೆ ಬಾಗಿಲನ್ನು ಮತ್ತೆ ಚೌಕಟ್ಟಿಗೆ ಹಾಕುವುದು ಒಬ್ಬನ ಕೆಲಸವಲ್ಲ, ನಿನಗೇ ಗೊತ್ತು. ಒಬ್ಬರು ಎತ್ತಿ ಹಿಡಿಯಬೇಕು, ಒಬ್ಬರು ಸ್ಕ್ರೂ ಬಿಗಿಯಬೇಕು. ಕತ್ತರಿ "ನಾನು ಹಿಡೀತೀನಿ ಬಾರಯ್ಯ" ಎಂದ. "ನಿನ್ನ ಕೈ ಬಾಚಣಿಗೆ ಹಿಡಿಯೋಕೆ ಸರಿ, ಹೋಗು" ಎಂದೆ. ನನ್ನ ಬಾಗಿಲನ್ನು ಹತ್ತು ವರ್ಷದ ವಯಸ್ಸಿನಿಂದ ಹಿಡಿದವಳು ನೀನು, ಬೇರೆಯವರು ಹಿಡಿದರೆ ನನಗೆ ಸ್ಕ್ರೂ ನೆಟ್ಟಗೆ ಹೋಗುವುದಿಲ್ಲ.

ಹಾಗಾಗಿ ನಾಲ್ಕು ದಿನದಿಂದ ಶೆಡ್ಡಿಗೆ ಬಾಗಿಲೇ ಇಲ್ಲ. ಧೂಳು, ಗಾಳಿ, ಬೆಕ್ಕು, ಪೋಸ್ಟ್‌ಮ್ಯಾನ್, ಎಲ್ಲರೂ ನೆಟ್ಟಗೆ ಒಳಗೆ ಬರುತ್ತಿದ್ದಾರೆ. ವಾರ್ನಿಶ್ ಕೆಲಸವನ್ನೆಲ್ಲ ಮುಂದಕ್ಕೆ ಹಾಕಿದ್ದೇನೆ.

ಬಾಗಿಲು ತೆಗೆದಿದ್ದೇನೆ ಮಗಳೇ. ನೀನು ಬರುವವರೆಗೆ ಹಾಕಲು ಆಗುವುದಿಲ್ಲ.

ಇಂತಿ,
ಅಪ್ಪ

*

ತಂತಿ
ಸೆಪ್ಟೆಂಬರ್ 25

ಶನಿವಾರ ಬರ್ತೀನಿ. ಸ್ಕ್ರೂ ತೆಗೆದಿಡು. ವಾರ್ನಿಶ್ ಬೇಡ.

ಚಕ್ಕೆ